ನಡು ವಯಸ್ಸಿನಲ್ಲಿ ದೃಷ್ಟಿ ಹೋದರೆ ಕೆಲಸವೂ ಹೋಗಬೇಕಾ? ಒಂದು ಪ್ರಕರಣ ಅಧ್ಯಯನ

ಸರ್ವಿಸ್‌ನಲ್ಲಿ ಇರುವಾಗಲೇ ಅಂಗವೈಕಲ್ಯ ಬಂದವರ ಕಡತಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. "ನಿಮಗೆ ಅಂಗವೈಕಲ್ಯ ಇದೆ, ಅದಕ್ಕೇ ತೆಗೆಯುತ್ತಿದ್ದೇವೆ" ಅಂತ ಯಾವ ಕಚೇರಿಯೂ ಬರೆದುಕೊಡುವುದಿಲ್ಲ. ತಡವಾಗಿ ಬಂದರು, ಲೆಕ್ಕ ತಪ್ಪಿತು, ಹೇಳಿದ ಕೆಲಸ ಮುಗಿಸಲಿಲ್ಲ, ಮೇಲಧಿಕಾರಿಯ ಮಾತಿಗೆ ಬೆಲೆ ಕೊಡಲಿಲ್ಲ, ಹೀಗೇ ಇರುತ್ತದೆ. ಅಂಗವೈಕಲ್ಯ ಅನ್ನುವ ಪದ ಕಡತದ ಕೊನೆಯಲ್ಲೆಲ್ಲೋ ಬರುತ್ತದೆ, ಅದೂ ನೌಕರರೇ ಬರೆದಾಗ.

ಇಲ್ಲಿ ಹೇಳುತ್ತಿರುವ ಪ್ರಕರಣವೂ ಹಾಗೇ ಶುರುವಾಗಿತ್ತು. ಅರ್ಜಿ, ಮನವಿ, ದಾಖಲೆ ಜೋಡಿಸುವ ಕೆಲಸದಲ್ಲಿ ಆ ನೌಕರರ ಜೊತೆಗಿದ್ದವರಲ್ಲಿ ನಾನೂ ಒಬ್ಬಳು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಸಂಸ್ಥೆ, ತಾರೀಖು ಯಾವುದೂ ಇಲ್ಲಿಲ್ಲ, ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಬರೀ "ಆಕೆ" ಎಂದೂ, ಕೆಲಸ ಕೊಟ್ಟವರನ್ನು "ಸಂಸ್ಥೆ" ಎಂದೂ ಕರೆಯುತ್ತೇನೆ.

ಹಿನ್ನೆಲೆ

ಆಕೆ ಸರ್ಕಾರಿ ಒಡೆತನದ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದವರು. ಪರೀಕ್ಷೆ ಬರೆದು ಆಯ್ಕೆಯಾದವರು. ಅಂಗವಿಕಲರ ಮೀಸಲಾತಿಯಲ್ಲಿ ಬಂದವರಲ್ಲ, ಆಗ ಕಣ್ಣಿಗೆ ಏನೂ ಆಗಿರಲಿಲ್ಲ. ಹದಿನೈದು ವರ್ಷ ದಾಟಿದ ಸರ್ವಿಸ್‌ನಲ್ಲಿ ಒಂದು ಮೆಮೊ ಕೂಡ ಇರಲಿಲ್ಲ. ಪ್ರತಿ ವರ್ಷದ ಕಾರ್ಯನಿರ್ವಹಣಾ ವರದಿಯಲ್ಲೂ "ಉತ್ತಮ" ಅಥವಾ "ಅತ್ಯುತ್ತಮ".

ಆಮೇಲೆ ಸಂಜೆ ಹೊತ್ತು ಕಾಣುವುದು ಕಷ್ಟವಾಗತೊಡಗಿತು. ಮೆಟ್ಟಿಲು ತಪ್ಪುವುದು, ಪಕ್ಕದಿಂದ ಬಂದವರಿಗೆ ಡಿಕ್ಕಿ ಹೊಡೆಯುವುದು, ಎದುರಿಗೇ ಕೈ ಚಾಚಿದವರನ್ನು ಗಮನಿಸದೇ ಹೋಗುವುದು. ಪರೀಕ್ಷೆ ಮಾಡಿಸಿದಾಗ ರೆಟಿನೈಟಿಸ್ ಪಿಗ್ಮೆಂಟೋಸಾ ಅಂತ ಗೊತ್ತಾಯಿತು. ವಂಶವಾಹಿಯಿಂದ ಬರುವ ಕಾಯಿಲೆ ಇದು. ಅಕ್ಷಿಪಟದ ಜೀವಕೋಶಗಳು ನಿಧಾನವಾಗಿ ಸಾಯುತ್ತಾ ಹೋಗುತ್ತವೆ. ಸಾಮಾನ್ಯವಾಗಿ ಮೊದಲು ಕತ್ತಲಲ್ಲಿ ನೋಡುವ ಶಕ್ತಿ ಹೋಗುತ್ತದೆ, ಆಮೇಲೆ ಅಕ್ಕಪಕ್ಕದ ನೋಟ ಕುಗ್ಗುತ್ತದೆ, ನಡುವಿನದ್ದು ಮಾತ್ರ ಕೊಳವೆಯೊಳಗಿಂದ ನೋಡಿದ ಹಾಗೆ ಉಳಿಯುತ್ತದೆ. ಹೆಚ್ಚಿನವರಿಗೆ ಇದನ್ನು ವಾಸಿಮಾಡುವ ಚಿಕಿತ್ಸೆ ಇಲ್ಲ. ಹೊರಗಿನವರಿಗೆ ಇದು ಅರ್ಥವಾಗುವುದೇ ಕಷ್ಟ. ಕಾಗದದ ಮೇಲಿನ ಸಣ್ಣ ಅಕ್ಷರ ಓದುವ ವ್ಯಕ್ತಿ ಬಾಗಿಲಿಗೆ ಹೋಗಿ ಹೊಡೆಸಿಕೊಂಡರೆ ಜನ ನಾಟಕ ಅಂದುಕೊಳ್ಳುತ್ತಾರೆ. ಆಕೆಯ ವಿಷಯದಲ್ಲೂ ಹಾಗೆ ಅಂದುಕೊಂಡವರು ಇದ್ದರು.

ಆಕೆ ಸುಮಾರು ಎರಡು ವರ್ಷ ಯಾರಿಗೂ ಹೇಳಲಿಲ್ಲ. ಬಡ್ತಿ ಹತ್ತಿರದಲ್ಲಿತ್ತು, ಮನೆಗೆ ಆಕೆಯ ಸಂಬಳವೇ ಆಧಾರ, ಹೇಳಿದರೆ ಕೆಲಸ ಹೋಗುತ್ತದೆ ಅನ್ನುವ ಭಯ. ಆ ಭಯಕ್ಕೆ ಕಾರಣ ಇರಲಿಲ್ಲ ಅಂತ ಯಾರೂ ಹೇಳಲಾರರು. ಆದರೆ ಈ ಎರಡು ವರ್ಷದ ಮೌನ ಮುಂದೆ ಪ್ರಕರಣದಲ್ಲಿ ದೊಡ್ಡ ಪ್ರಶ್ನೆಯಾಗಿ ಬಂತು.

ತೊಂದರೆ ಶುರುವಾದದ್ದು

ಅದೇ ಹೊತ್ತಿಗೆ ಆಕೆಯ ಕೆಲಸ ಬದಲಾಯಿತು. ಮೊದಲು ಪೂರ್ತಿ ಟೇಬಲ್ ಕೆಲಸ. ಈಗ ಗೋದಾಮುಗಳಿಗೆ ಹೋಗಿ ದಾಸ್ತಾನು ಎಣಿಸಿ ಪುಸ್ತಕದ ಲೆಕ್ಕದ ಜೊತೆ ತಾಳೆ ನೋಡುವುದೂ ಸೇರಿತು. ಬೆಳಕು ಕಮ್ಮಿ ಇರುವ ಜಾಗ, ಕೆಲವು ಸಲ ಸಂಜೆ ದಾಟಿದ ಮೇಲೆ. ಆಕೆಗೆ ಇದಕ್ಕಿಂತ ಹೊಂದದ ಕೆಲಸ ಇನ್ನೊಂದಿರಲಿಲ್ಲ. ದಾಸ್ತಾನು ವರದಿಯಲ್ಲಿ ತಪ್ಪು ಬಂತು, ಮೆಮೊ ಬಂತು. ಸಂಜೆಯ ತಪಾಸಣೆಗೆ ಹೋಗಲಿಲ್ಲ, ಇನ್ನೊಂದು ಮೆಮೊ. ಮೇಲಧಿಕಾರಿ ಎದುರಿಗೆ ಬಂದರೂ ನಮಸ್ಕಾರ ಮಾಡಲಿಲ್ಲ, ಅದು ಮೆಮೊದಲ್ಲಿ "ಅಗೌರವದ ವರ್ತನೆ" ಆಯಿತು. ಅವರು ಬಂದಿದ್ದು ಪಕ್ಕದಿಂದ. ಆಕೆಗೆ ಕಂಡಿರಲೇ ಇಲ್ಲ.

ಮೂರನೇ ಮೆಮೊ ಆದ ಮೇಲೆ ಆಕೆ ಬಾಯಿ ಬಿಟ್ಟರು, ಆದರೆ ಬಾಯಿ ಮಾತಿನಲ್ಲಿ. ಮೇಲಧಿಕಾರಿ ಸಿಟ್ಟಾಗಲಿಲ್ಲ. ಬಹಳ ಮೃದುವಾಗಿಯೇ ಹೇಳಿದರಂತೆ: "ಮೇಡಂ, ನಿಮ್ಮ ಒಳ್ಳೆಯದಕ್ಕೇ ಹೇಳ್ತಿದ್ದೀನಿ. ವಿಆರ್‌ಎಸ್ ತಗೊಂಡುಬಿಡಿ. ಪೆನ್ಷನ್ ಬರುತ್ತೆ, ಮನೆಯಲ್ಲಿ ಆರಾಮಾಗಿರಿ. ಈ ಕಣ್ಣಿಟ್ಟುಕೊಂಡು ಯಾಕೆ ಒದ್ದಾಡ್ತೀರಾ?" ಮರುದಿನವೇ ಟೈಪ್ ಮಾಡಿದ ಸ್ವಯಂ ನಿವೃತ್ತಿ ಅರ್ಜಿ ಆಕೆಯ ಟೇಬಲ್ ಮೇಲಿತ್ತು. ಸಹಿ ಒಂದು ಹಾಕುವುದು ಬಾಕಿ.

ಇಂಥ ಮಾತು ಹೇಳುವವರಲ್ಲಿ ಜಾಸ್ತಿ ಜನ ಕೆಟ್ಟವರಲ್ಲ. ನಿಜವಾಗಿಯೂ ಉಪಕಾರ ಮಾಡುತ್ತಿದ್ದೇವೆ ಅಂತಲೇ ನಂಬಿರುತ್ತಾರೆ. ಅದಕ್ಕೇ ಆ ಕ್ಷಣ ಇಷ್ಟು ಅಪಾಯದ್ದು. ಸೋತು ಸುಣ್ಣವಾಗಿ ಕೂತಿರುವ ನೌಕರರಿಗೆ ಅದು ದಾರಿ ತೋರಿಸಿದಂತೆ ಕಾಣುತ್ತದೆ. ಆ ಕಾಗದಕ್ಕೆ ಸಹಿ ಬಿದ್ದಿದ್ದರೆ "ನಾನೇ ಬಿಟ್ಟೆ" ಅಂತ ಆಗುತ್ತಿತ್ತು, ಅದನ್ನು ಆಮೇಲೆ ಬಿಡಿಸಿಕೊಳ್ಳುವುದು ಬಹಳ ಕಷ್ಟ. ಒತ್ತಾಯದಿಂದ ಬರೆಸಿಕೊಂಡರು ಅಂತ ಸಾಬೀತು ಮಾಡುವ ಹೊರೆ ಪೂರ್ತಿ ಆಕೆಯ ಮೇಲೆ ಬೀಳುತ್ತಿತ್ತು. ಆಕೆ ಸಹಿ ಹಾಕದೆ ಕಾಗದವನ್ನು ಮನೆಗೆ ತಂದರು. ಈ ಪ್ರಕರಣದ ಮೊದಲ ತಿರುವು ಇದು.

ಕಾನೂನಿನಲ್ಲಿ ಏನಿತ್ತು

ನಮ್ಮ ದೇಶದಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತ್ತು, ಅದಕ್ಕೆ ತಕ್ಕ ಹಾಗೆ 1995ರ ಹಳೆಯ ಕಾಯ್ದೆಯ ಜಾಗದಲ್ಲಿ ಇದನ್ನು ತಂದರು. ಈ ಪ್ರಕರಣಕ್ಕೆ ಬೇಕಾದದ್ದು ಮುಖ್ಯವಾಗಿ 20ನೇ ಸೆಕ್ಷನ್. ಅದರ 4ನೇ ಉಪ ಸೆಕ್ಷನ್ ಹೇಳುವುದು ಇಷ್ಟು. ಸರ್ವಿಸ್‌ನಲ್ಲಿ ಇರುವಾಗ ಅಂಗವೈಕಲ್ಯ ಬಂದ ನೌಕರರನ್ನು ಯಾವ ಸರ್ಕಾರಿ ಸಂಸ್ಥೆಯೂ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಈಗಿರುವ ಹುದ್ದೆಗೆ ಹೊಂದದಿದ್ದರೆ ಅದೇ ವೇತನ ಶ್ರೇಣಿ, ಅದೇ ಸೇವಾ ಸೌಲಭ್ಯ ಇರುವ ಬೇರೆ ಹುದ್ದೆಗೆ ಹಾಕಬೇಕು. ಯಾವ ಹುದ್ದೆಯೂ ಸಿಗದಿದ್ದರೆ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿ ವಯಸ್ಸು ಆಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಸೂಪರ್‌ನ್ಯೂಮರರಿ ಹುದ್ದೆಯಲ್ಲಿ, ಅಂದರೆ ಮಂಜೂರಾದ ಸಂಖ್ಯೆಗಿಂತ ಹೆಚ್ಚುವರಿಯಾಗಿ ಸೃಷ್ಟಿಸಿದ ಹುದ್ದೆಯಲ್ಲಿ ಇಟ್ಟುಕೊಳ್ಳಬಹುದು.

ಇದರ ಜೊತೆಗೆ ಸಮಂಜಸ ಹೊಂದಾಣಿಕೆ ಅನ್ನುವ ಕರ್ತವ್ಯವೂ ಇದೆ. ಸಂಸ್ಥೆಗೆ ಮಿತಿಮೀರಿದ ಹೊರೆ ಆಗದ ಹಾಗೆ, ಆ ವ್ಯಕ್ತಿಗೆ ಬೇಕಾದ ಬದಲಾವಣೆಗಳನ್ನು ಕೆಲಸದಲ್ಲಿ ಮಾಡಿಕೊಡಬೇಕು. ಅದನ್ನು ನಿರಾಕರಿಸುವುದೂ ತಾರತಮ್ಯವೇ ಅಂತ ಕಾಯ್ದೆಯ ವ್ಯಾಖ್ಯಾನದಲ್ಲೇ ಇದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ. ಬೈದರೆ, ಹೊರಗೆ ಹಾಕಿದರೆ ಮಾತ್ರ ತಾರತಮ್ಯ ಅಂದುಕೊಂಡಿರುತ್ತಾರೆ. ಕೇಳಿದ ಸಾಫ್ಟ್‌ವೇರ್ ಹಾಕಿಕೊಡದೆ ಸುಮ್ನೆ ಕೂತರೂ ಅದು ತಾರತಮ್ಯವಾಗಬಹುದು.

ಏನು ಮಾಡಿದೆವು

ಮೊದಲು ಆಕೆ ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಗೆ, ಅರ್ಜಿ ಹಾಕಿ ಅಂಗವೈಕಲ್ಯ ಪ್ರಮಾಣಪತ್ರ ಪಡೆದರು. ಅದರಲ್ಲಿ ಶೇಕಡಾ 40ಕ್ಕಿಂತ ಜಾಸ್ತಿ ಅಂತ ಬಂತು. ಇದು ಇದ್ದರೆ ವಾದ ಸಲೀಸು, ಅಷ್ಟೇ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ವಿರುದ್ಧ ಯುಪಿಎಸ್‌ಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಸ್ಪಷ್ಟ ಮಾಡಿದೆ. ಮೀಸಲಾತಿಗೆ ಶೇಕಡಾ 40 ಬೇಕು, ಆದರೆ ಸಮಂಜಸ ಹೊಂದಾಣಿಕೆ ಕೇಳುವುದಕ್ಕೆ ಆ ಗೆರೆ ದಾಟಬೇಕಾಗಿಲ್ಲ. ಅಲ್ಲಿ ಅರ್ಜಿದಾರರಿಗೆ ಇದ್ದದ್ದು ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ, ಕೇಳಿದ್ದು ಬರೆದುಕೊಡಲು ಒಬ್ಬ ಸಹಾಯಕ.

ಆಮೇಲೆ ಮಾಡಿದ ಕೆಲಸವೇ ನನ್ನ ಲೆಕ್ಕದಲ್ಲಿ ಇಡೀ ಪ್ರಕರಣವನ್ನು ನಿಲ್ಲಿಸಿದ್ದು. ಒಂದು ಪತ್ರ. ಆಕೆ ಮೊದಲು ಬರೆದುಕೊಂಡಿದ್ದ ಕರಡಿನಲ್ಲಿ ಬರೀ ಕಷ್ಟ ಇತ್ತು. ಮಕ್ಕಳು ಓದುತ್ತಿದ್ದಾರೆ, ಸಾಲ ಇದೆ, ದಯವಿಟ್ಟು ಕರುಣೆ ತೋರಿಸಿ. ಎಲ್ಲವೂ ನಿಜ. ಆದರೆ ಅದನ್ನು ಓದಿದ ಅಧಿಕಾರಿಗೆ ಮಾಡಲು ಏನೂ ಕೆಲಸ ಇರುವುದಿಲ್ಲ, ಅಯ್ಯೋ ಪಾಪ ಅನ್ನಬಹುದು, ವಿಆರ್‌ಎಸ್ ಮಾತು ಮತ್ತೊಮ್ಮೆ ಎತ್ತಬಹುದು. ಹಾಗಾಗಿ ಪತ್ರವನ್ನು ತಿರುಗಿಸಿ ಬರೆದೆವು. ನನಗೆ ಈ ಕಾಯಿಲೆ ಇದೆ, ಪ್ರಮಾಣಪತ್ರ ಲಗತ್ತಿಸಿದ್ದೇನೆ. ಕತ್ತಲಲ್ಲಿ ನಡೆಯುವ ತಪಾಸಣೆ ನನ್ನಿಂದ ಆಗುವುದಿಲ್ಲ. ಬಿಲ್ಲು ಪರಿಶೀಲನೆ, ಲೆಕ್ಕ ತಾಳೆ, ಪತ್ರ ವ್ಯವಹಾರ, ಫೋನಿನಲ್ಲಿ ಶಾಖೆಗಳಿಂದ ಮಾಹಿತಿ ಪಡೆಯುವುದು, ಇವೆಲ್ಲ ಆಗುತ್ತದೆ. ಅದಕ್ಕೆ ಬೇಕಾದದ್ದು ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್, ಇದು ಉಚಿತ, ಕನ್ನಡವನ್ನೂ ಓದುತ್ತದೆ. ಕೈಬರಹದ ಪುಸ್ತಕಗಳ ಬದಲು ಎಕ್ಸೆಲ್ ಕಡತ. ಬೆಳಕಿರುವ ಕಡೆ ಟೇಬಲ್. ಕತ್ತಲಾಗುವ ಮೊದಲು ಹೊರಡುವ ಅವಕಾಶ, ಅದಕ್ಕೆ ಬದಲಾಗಿ ಬೆಳಿಗ್ಗೆ ಬೇಗ ಬರುತ್ತೇನೆ. 20ನೇ ಸೆಕ್ಷನ್ ಉಲ್ಲೇಖಿಸಿ, ಚರ್ಚೆಗೆ ಸಮಯ ಕೊಡಿ ಅಂತ ಮುಗಿಸಿದೆವು. ಟಪಾಲಿನಲ್ಲಿ ಕೊಟ್ಟು ಎರಡನೇ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡರು.

ಉತ್ತರ ಬಂತು. ಒಂದೇ ಸಾಲು. "ತಾವು ಕೋರಿರುವ ಸೌಲಭ್ಯಗಳಿಗೆ ಸಂಸ್ಥೆಯ ನಿಯಮಗಳಲ್ಲಿ ಅವಕಾಶವಿರುವುದಿಲ್ಲ." ಯಾರೂ ಆಕೆಯನ್ನು ಕರೆದು ಮಾತಾಡಲಿಲ್ಲ. ಯಾವುದು ಕಷ್ಟ, ಯಾವುದಕ್ಕೆ ಎಷ್ಟು ಖರ್ಚು, ಯಾವುದನ್ನು ಮಾಡಬಹುದು, ಒಂದನ್ನೂ ನೋಡಲಿಲ್ಲ. ಆಕೆ ಅವತ್ತು ತುಂಬಾ ಅತ್ತರು. ವಕೀಲರು ಮಾತ್ರ ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಲು ಹೇಳಿದರು.

ಅಲ್ಲಿಂದ ಸಂಸ್ಥೆ ಬೇರೆ ದಾರಿ ಹಿಡಿಯಿತು. ಆಕೆಯನ್ನು ವೈದ್ಯಕೀಯ ಮಂಡಳಿಗೆ ಕಳಿಸಿತು. ಮಂಡಳಿಗೆ ಬರೆದ ಪತ್ರದಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಈ ನೌಕರರು ಈಗಿರುವ ಹುದ್ದೆಯ ಕರ್ತವ್ಯಕ್ಕೆ ಅರ್ಹರೇ? ಮಂಡಳಿ ಅಲ್ಲ ಅಂತ ಬರೆಯಿತು. ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವೇ. ಆದರೆ ಸಂಸ್ಥೆ ಅದನ್ನು "ಸೇವೆಗೇ ಅನರ್ಹ" ಅಂತ ಓದಿಕೊಂಡು, ವೈದ್ಯಕೀಯ ಕಾರಣದ ಮೇಲೆ ನಿವೃತ್ತಿಗೊಳಿಸುವ ನೋಟಿಸ್ ಕೊಟ್ಟಿತು. ಪಕ್ಕದಲ್ಲೇ ಮೆಮೊಗಳ ಮೇಲೆ ಇಲಾಖಾ ವಿಚಾರಣೆಯೂ ಶುರುವಾಯಿತು.

ಎಲ್ಲಿಗೆ ಹೋಗುವುದು ಅನ್ನುವುದು ಆಗಿನ ದೊಡ್ಡ ಪ್ರಶ್ನೆ. ರಾಜ್ಯ ಅಂಗವಿಕಲರ ಆಯುಕ್ತರ ಹತ್ತಿರ ಹೋದರೆ ಖರ್ಚು ಕಮ್ಮಿ, ವಕೀಲರಿಲ್ಲದೆಯೂ ಆಗುತ್ತದೆ, ದಾಖಲೆ ತರಿಸುವ, ಸಮನ್ಸ್ ಕೊಡುವ ಅಧಿಕಾರ ಅವರಿಗಿದೆ. ಆದರೆ ಅವರು ಕೊಡುವುದು ಶಿಫಾರಸು. ಸಂಸ್ಥೆ ಅದರ ಮೇಲೆ ಕ್ರಮ ಕೈಗೊಂಡು ಮೂರು ತಿಂಗಳಲ್ಲಿ ತಿಳಿಸಬೇಕು, ಒಪ್ಪದಿದ್ದರೆ ಕಾರಣ ಹೇಳಬೇಕು. ತಡೆಯಾಜ್ಞೆ ಕೊಡುವ ಅಧಿಕಾರ ಆಯುಕ್ತರಿಗಿಲ್ಲ ಅಂತ 1995ರ ಕಾಯ್ದೆ ಇದ್ದಾಗಲೇ, 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಹೈಕೋರ್ಟಿನ ರಿಟ್ ಅರ್ಜಿಯಲ್ಲಿ, ಅಂದರೆ ಸರ್ಕಾರಿ ಸಂಸ್ಥೆಯ ಕ್ರಮವನ್ನು ನೇರವಾಗಿ ಹೈಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿಯಲ್ಲಿ, ತಡೆಯಾಜ್ಞೆ ಸಿಗಬಹುದು, ಆದರೆ ಖರ್ಚು, ಕಾಯುವಿಕೆ. ನೋಟಿಸ್ ಹಂತದಲ್ಲೇ ರಿಟ್ ಹಾಕಿದರೆ "ಇನ್ನೂ ಆದೇಶವೇ ಆಗಿಲ್ಲವಲ್ಲ" ಅಂತ ವಾಪಸ್ ಕಳಿಸುವ ಸಾಧ್ಯತೆಯೂ ಇತ್ತು.

ಮೊದಲು ಆಯುಕ್ತರ ಹತ್ತಿರ ಹೋದೆವು. ಅದೇ ಸಮಯದಲ್ಲಿ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿದೆವು: ಆಕೆಯ ವೇತನ ಶ್ರೇಣಿಯಲ್ಲಿ ಖಾಲಿ ಇರುವ ಹುದ್ದೆಗಳು ಎಷ್ಟು, ಅವುಗಳ ಕರ್ತವ್ಯವೇನು, 21ನೇ ಸೆಕ್ಷನ್ ಕೇಳುವ ಸಮಾನ ಅವಕಾಶ ನೀತಿ ಸಂಸ್ಥೆಯಲ್ಲಿ ಇದೆಯೇ, 23ನೇ ಸೆಕ್ಷನ್ ಪ್ರಕಾರ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿದ್ದೀರಾ? ಉತ್ತರ ಬಂದಾಗ ನಮಗೇ ಆಶ್ಚರ್ಯ. ಅದೇ ಶ್ರೇಣಿಯಲ್ಲಿ, ಅದೂ ಟೇಬಲ್ ಕೆಲಸದ ಹುದ್ದೆಗಳೇ, ಖಾಲಿ ಇದ್ದವು. ನೀತಿಯೂ ಇರಲಿಲ್ಲ, ಅಧಿಕಾರಿಯೂ ಇರಲಿಲ್ಲ.

ಆಯುಕ್ತರು ಆಕೆಯ ಪರ ಶಿಫಾರಸು ಮಾಡಿದರು. ಸಂಸ್ಥೆ ಮೂರು ತಿಂಗಳು ಏನೂ ಹೇಳಲಿಲ್ಲ, ಆಮೇಲೆ ನಿವೃತ್ತಿ ಆದೇಶವನ್ನೇ ಹೊರಡಿಸಿತು. ಆಗ ಹೈಕೋರ್ಟಿಗೆ ಹೋದದ್ದು.

ಅರ್ಜಿಯಲ್ಲಿ ಏನು ಇರಬೇಕು, ಏನು ಬೇಡ

ಇಲ್ಲಿ ಆಕೆಗೂ ವಕೀಲರಿಗೂ ದೊಡ್ಡ ಚರ್ಚೆಯೇ ಆಯಿತು. ಮೇಲಧಿಕಾರಿಯ ಹೆಸರು ಹಾಕಬೇಕು, ಅವರು ಬೇಕಂತಲೇ ಗೋದಾಮು ಕೆಲಸ ಕೊಟ್ಟರು, ಹಗೆ ಸಾಧಿಸಿದರು ಅಂತ ಬರೆಯಬೇಕು ಅನ್ನುವುದು ಆಕೆಯ ಹಠ. ಅಷ್ಟು ನೋವು ತಿಂದವರಿಗೆ ಹಾಗೆ ಅನಿಸದೇ ಇರುತ್ತದಾ? ಆದರೆ ದುರುದ್ದೇಶದ ಆರೋಪ ಮಾಡಿದರೆ ಆ ವ್ಯಕ್ತಿಯನ್ನೇ ಹೆಸರು ಹೇಳಿ ಪ್ರತಿವಾದಿ ಮಾಡಬೇಕು, ಆರೋಪ ಸಾಬೀತು ಮಾಡಬೇಕು. ರಿಟ್ ಅರ್ಜಿಯಲ್ಲಿ ಸಾಮಾನ್ಯವಾಗಿ ಸಾಕ್ಷಿಗಳ ವಿಚಾರಣೆ ಇಲ್ಲ, ಎರಡೂ ಕಡೆ ಅಫಿಡವಿಟ್ ಮೇಲೆಯೇ ನಡೆಯುತ್ತದೆ. ಅವರು ಇಲ್ಲ ಅಂದರೆ ವಿವಾದಿತ ಸಂಗತಿ ಅಂತ ಅದು ಅಲ್ಲೇ ನಿಲ್ಲುತ್ತದೆ, ಜೊತೆಗೆ ಗಟ್ಟಿಯಾಗಿರುವ ವಾದವೂ ಮಂಕಾಗುತ್ತದೆ. ಕೊನೆಗೆ ಆಕೆ ಒಪ್ಪಿದರು. ಅರ್ಜಿಯಲ್ಲಿ ಉಳಿದದ್ದು ಕಾಗದದಲ್ಲಿ ಇದ್ದದ್ದು ಮಾತ್ರ: ಪತ್ರ, ಒಂದು ಸಾಲಿನ ಉತ್ತರ, ಮಂಡಳಿಗೆ ಕೇಳಿದ ಪ್ರಶ್ನೆ, ಮಂಡಳಿಯ ಉತ್ತರ, ಖಾಲಿ ಹುದ್ದೆಗಳ ಪಟ್ಟಿ, ಹಳೆಯ ವರ್ಷಗಳ ವರದಿಗಳು. ಮೊದಲೇ ಟೈಪ್ ಮಾಡಿ ಕೊಟ್ಟಿದ್ದ ಸ್ವಯಂ ನಿವೃತ್ತಿ ಅರ್ಜಿಯನ್ನೂ ಲಗತ್ತಿಸಿದರು, ಅದರ ಬಗ್ಗೆ ಜಾಸ್ತಿ ವಿಶೇಷಣಗಳಿಲ್ಲದೆ.

ನಿವೃತ್ತಿ ಆದೇಶಕ್ಕೆ ಮಧ್ಯಂತರ ತಡೆ ಸಿಕ್ಕಿತು. ಆದರೂ ಕೆಲವು ವಾರ ಆಕೆಗೆ ಹಾಜರಿ ಪುಸ್ತಕ ಕೊಡಲಿಲ್ಲ, ನ್ಯಾಯಾಂಗ ನಿಂದನೆಯ ನೋಟಿಸ್ ಹೋದ ಮೇಲೆ ಒಳಗೆ ಬಿಟ್ಟರು. ಒಳಗೆ ಬಿಟ್ಟರು, ಕೆಲಸ ಕೊಡಲಿಲ್ಲ. ತಿಂಗಳುಗಟ್ಟಲೆ ಒಂದು ಕುರ್ಚಿಯಲ್ಲಿ ಸುಮ್ನೆ ಕೂತು ಬರುವುದು. ಕೇಸು ಹಾಕಿದವರು ಅಂತ ಜೊತೆಯವರೂ ದೂರ ಕೂತರು. ಅರ್ಜಿ ವಾಪಸ್ ತೆಗೆದುಕೊಂಡುಬಿಡೋಣ ಅಂತ ಆಕೆಗೆ ಅನಿಸಿದ್ದು ಈ ದಿನಗಳಲ್ಲಿ, ನಿವೃತ್ತಿ ಆದೇಶ ಬಂದ ದಿನ ಅಲ್ಲ. ಆಗ ಜೊತೆಗೆ ನಿಂತದ್ದು ಇದೇ ಕಾಯಿಲೆ ಇರುವ ಇನ್ನೊಬ್ಬ ನೌಕರರು. ದಿನಾ ಸಂಜೆ ಫೋನ್ ಮಾಡಿ ಸ್ಕ್ರೀನ್ ರೀಡರ್ ಕಲಿಸುತ್ತಿದ್ದರು. ಆ ಖಾಲಿ ಕುರ್ಚಿಯ ತಿಂಗಳುಗಳಲ್ಲಿ ಆಕೆ ಎಕ್ಸೆಲ್ ಅನ್ನು ಮೌಸ್ ಮುಟ್ಟದೆ, ಬರೀ ಕೀಬೋರ್ಡಿನಲ್ಲಿ ನಡೆಸುವುದನ್ನು ಕಲಿತರು.

ವಿಚಾರಣೆಯಲ್ಲಿ ನಡೆದದ್ದು

ಸಂಸ್ಥೆಯ ವಾದಗಳು ಬೇರೆಬೇರೆ ತೂಕದವು. ಪೆನ್ಷನ್ ಕೊಡುತ್ತಿದ್ದೇವಲ್ಲ, ಅನ್ಯಾಯ ಏನಾಯಿತು ಅನ್ನುವುದು ಒಂದು. ಇದಕ್ಕೆ ಹಳೆಯ ಉತ್ತರವೇ ಇತ್ತು. 2003ರ ಕುನಾಲ್ ಸಿಂಗ್ ಪ್ರಕರಣದಲ್ಲಿ ಕಾಲು ಕಳೆದುಕೊಂಡ ಕಾನ್‌ಸ್ಟೆಬಲ್ ಒಬ್ಬರಿಗೆ ಅಶಕ್ತತೆಯ ಪೆನ್ಷನ್ ಕೊಟ್ಟ ಮಾತ್ರಕ್ಕೆ ಕಾಯ್ದೆಯ ರಕ್ಷಣೆ ತಪ್ಪುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು, ಅದೂ 1995ರ ಕಾಯ್ದೆಯ ಕೆಳಗೆ. ಖಾಲಿ ಹುದ್ದೆ ಇಲ್ಲ ಅನ್ನುವುದು ಇನ್ನೊಂದು ವಾದ. ಸಂಸ್ಥೆಯೇ ಕೊಟ್ಟ ಮಾಹಿತಿ ಹಕ್ಕಿನ ಉತ್ತರ ಮುಂದಿಟ್ಟಾಗ ಅದು ಅಲ್ಲೇ ಬಿದ್ದುಹೋಯಿತು.

ವೈದ್ಯಕೀಯ ಮಂಡಳಿಯ ವರದಿ ಸಂಸ್ಥೆಯ ದೊಡ್ಡ ಆಧಾರವಾಗಿತ್ತು. ಅದೇ ಆಕೆಗೆ ಸಹಾಯವಾಯಿತು. ಈಗಿರುವ ಹುದ್ದೆಗೆ ಹೊಂದುವುದಿಲ್ಲ ಅಂತ ವರದಿ ಹೇಳಿದರೆ, ಕಾಯ್ದೆಯ ಪ್ರಕಾರ ಸಂಸ್ಥೆಯ ಕೆಲಸ ಅಲ್ಲಿಂದ ಶುರುವಾಗಬೇಕು. ಬೇರೆ ಹುದ್ದೆ ಹುಡುಕಬೇಕು. ಸಂಸ್ಥೆ ಅಲ್ಲಿಗೇ ಮುಗಿಸಿತ್ತು. ಬೇರೆ ಯಾವ ಹುದ್ದೆಗೆ ಅರ್ಹರು ಅಂತ ಮಂಡಳಿಯನ್ನು ಕೇಳಿದ್ದೀರಾ ಅನ್ನುವ ಪ್ರಶ್ನೆಗೆ ಸಂಸ್ಥೆಯ ವಕೀಲರ ಹತ್ತಿರ ಉತ್ತರ ಇರಲಿಲ್ಲ.

ನಿಜವಾಗಿ ಗಟ್ಟಿಯಾಗಿದ್ದ ವಾದ ಒಂದೇ. ಈಕೆ ಎರಡು ವರ್ಷ ಕಾಯಿಲೆ ಮುಚ್ಚಿಟ್ಟರು, ನಮಗೆ ಗೊತ್ತೇ ಇಲ್ಲದ ಅಂಗವೈಕಲ್ಯಕ್ಕೆ ನಾವು ಹೊಂದಾಣಿಕೆ ಮಾಡಿಕೊಡುವುದು ಹೇಗೆ, ಆ ಹೊತ್ತಿನ ತಪ್ಪುಗಳಿಗೆ ಮೆಮೊ ಕೊಟ್ಟರೆ ಅದು ತಾರತಮ್ಯ ಹೇಗಾಗುತ್ತದೆ? ಇದನ್ನು ತಳ್ಳಿಹಾಕುವಂತಿರಲಿಲ್ಲ, ನ್ಯಾಯಾಲಯವೂ ತಳ್ಳಿಹಾಕಲಿಲ್ಲ. ಆಕೆಯ ಕಡೆಯಿಂದ 2021ರ ಡಿಸೆಂಬರಿನ ರವೀಂದರ್ ಕುಮಾರ್ ಧಾರಿವಾಲ್ ತೀರ್ಪನ್ನು ತೋರಿಸಿದರು. ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಮಾನಸಿಕ ಕಾಯಿಲೆಗೂ ಶಿಸ್ತು ಕ್ರಮಕ್ಕೂ ಇದ್ದ ಸಂಬಂಧದ ಪ್ರಕರಣ ಅದು. ಅಂಗವೈಕಲ್ಯವೊಂದೇ ಕಾರಣ ಆಗಿರಬೇಕಿಲ್ಲ, ಕಾರಣಗಳಲ್ಲಿ ಅದೂ ಒಂದಾಗಿದ್ದರೆ ಕಾಯ್ದೆಯ ರಕ್ಷಣೆ ಸಿಗುತ್ತದೆ ಅಂತ ಅಲ್ಲಿ ಹೇಳಿದೆ.

ಕೊನೆಗೆ ಎಲ್ಲವೂ ಆ ಪತ್ರದ ಮೇಲಿನ ಸೀಲಿನ ತಾರೀಖಿಗೆ ಬಂದು ನಿಂತಿತು. ಆ ತಾರೀಖಿನ ನಂತರ ಸಂಸ್ಥೆಗೆ ಗೊತ್ತಿರಲಿಲ್ಲ ಅನ್ನುವ ಮಾತೇ ಇಲ್ಲ. ಆ ತಾರೀಖಿನ ನಂತರ ನಡೆದದ್ದೆಲ್ಲ, ಒಂದು ಸಾಲಿನ ನಿರಾಕರಣೆ, ವಿಚಾರಣೆ, ನಿವೃತ್ತಿ ಆದೇಶ, ಇವನ್ನೆಲ್ಲ ಕಾಯ್ದೆಯ ಬೆಳಕಲ್ಲಿ ನೋಡಬೇಕಾಯಿತು. ಅದಕ್ಕೆ ಮುಂಚಿನ ಮೆಮೊಗಳ ವಿಷಯದಲ್ಲಿ ಅಷ್ಟು ಸುಲಭ ಆಗಲಿಲ್ಲ.

ಸಿಕ್ಕಿದ್ದು, ಸಿಗದೇ ಇದ್ದದ್ದು

ನಿವೃತ್ತಿ ಆದೇಶ ರದ್ದಾಯಿತು. ಅದೇ ವೇತನ ಶ್ರೇಣಿಯ ಸೂಕ್ತ ಹುದ್ದೆ ಕೊಡಬೇಕು, ಇಲ್ಲದಿದ್ದರೆ ಸೂಪರ್‌ನ್ಯೂಮರರಿ ಹುದ್ದೆಯಲ್ಲಿ ಇಡಬೇಕು, ಹೊರಗಿಟ್ಟ ಅವಧಿಯನ್ನು ಕರ್ತವ್ಯದ ಅವಧಿ ಅಂತ ಪರಿಗಣಿಸಿ ಬಾಕಿ ಸಂಬಳ ಕೊಡಬೇಕು ಅಂತ ಆದೇಶ ಆಯಿತು. ಆಕೆ ಕೇಳಿದ ಹೊಂದಾಣಿಕೆಗಳ ಬಗ್ಗೆ ಆಕೆಯನ್ನು ಕೂರಿಸಿಕೊಂಡು ಮಾತಾಡಿ, ಒಂದೊಂದಕ್ಕೂ ಕಾರಣ ಸಹಿತ ಉತ್ತರ ಕೊಡಬೇಕು ಅಂತಲೂ ಬಂತು. ಪತ್ರದ ನಂತರದ ಆರೋಪಗಳನ್ನು ಕೈಬಿಡಲಾಯಿತು. ಮೊದಲಿನ ಮೆಮೊಗಳನ್ನು ಕಾಯಿಲೆಯ ವಿಷಯ ಗಮನದಲ್ಲಿಟ್ಟು ಸಂಸ್ಥೆಯೇ ಮತ್ತೆ ಪರಿಶೀಲಿಸಲಿ ಅಂತ ಬಿಟ್ಟರು. ಪರಿಹಾರದ ಹಣ ಸಿಗಲಿಲ್ಲ. ಬಡ್ತಿಯ ವಿಷಯದಲ್ಲಿ ಪ್ರತ್ಯೇಕ ಮನವಿ ಕೊಡಿ ಅಂದರು. ಕೇಸಿನ ಖರ್ಚೂ ಕೊಡಿಸಲಿಲ್ಲ.

ಇದನ್ನು ಪೂರ್ತಿ ಗೆಲುವು ಅಂತ ಹೇಳಿದರೆ ಓದುವವರಿಗೆ ಮೋಸ ಮಾಡಿದಂತೆ. ವರ್ಷಗಳು ಹೋದವು, ಆ ಹೊತ್ತಿಗೆ ಆಕೆಯ ದೃಷ್ಟಿ ಇನ್ನಷ್ಟು ಕುಗ್ಗಿತ್ತು. ಕೇಳಿದ್ದ ಹೊಂದಾಣಿಕೆಗಳಲ್ಲಿ ದೊಡ್ಡ ಖರ್ಚಿನದ್ದು ಒಂದೂ ಇರಲಿಲ್ಲ. ಒಂದು ಅರ್ಧ ಗಂಟೆಯ ಮಾತುಕತೆಯಲ್ಲಿ ಮುಗಿಯಬಹುದಾಗಿದ್ದ ವಿಷಯ ಹೈಕೋರ್ಟ್ ಮೆಟ್ಟಿಲು ಹತ್ತಿತು. ನನಗೆ ಈಗಲೂ ಸಂಕಟ ಆಗುವುದು ಇದಕ್ಕೇ.

ಇದೇ ಪರಿಸ್ಥಿತಿಯಲ್ಲಿ ಇರುವವರಿಗೆ

ಕಾಯಿಲೆಯ ವಿಷಯ ಹೇಳಬೇಕೋ ಬೇಡವೋ ಅನ್ನುವುದು ಪ್ರತಿಯೊಬ್ಬರ ಸ್ವಂತ ನಿರ್ಧಾರ, ನಾನು ಬಲವಂತ ಮಾಡುವುದಿಲ್ಲ. ಆದರೆ ಕೆಲಸದಲ್ಲಿ ತೊಂದರೆ ಕಾಣಿಸಿಕೊಂಡ ಮೇಲೂ, ಮೊದಲ ಮೆಮೊ ಬಂದ ಮೇಲೂ ಸುಮ್ಮನಿದ್ದರೆ ಅದರ ಬೆಲೆ ಆಮೇಲೆ ಗೊತ್ತಾಗುತ್ತದೆ. ಹೇಳುವುದಾದರೆ ಕಾಗದದಲ್ಲಿ ಹೇಳಿ, ಸ್ವೀಕೃತಿ ತೆಗೆದುಕೊಳ್ಳಿ. ಏನು ಮಾಡಬಲ್ಲೆ, ಅದಕ್ಕೆ ಏನು ಬೇಕು, ಇವೆರಡೂ ಅದರಲ್ಲಿ ಇರಲಿ. ಮೇಲಧಿಕಾರಿ ಎಷ್ಟೇ ಪ್ರೀತಿಯಿಂದ ಹೇಳಿದರೂ ಯಾರೋ ಟೈಪ್ ಮಾಡಿಕೊಟ್ಟ ರಾಜೀನಾಮೆಗೆ, ವಿಆರ್‌ಎಸ್ ಅರ್ಜಿಗೆ ಅವತ್ತೇ ಸಹಿ ಹಾಕಬೇಡಿ. ವೈದ್ಯಕೀಯ ಮಂಡಳಿಗೆ ಕಳಿಸಿದರೆ ಅಲ್ಲಿಗೆ ಹೋದ ಪತ್ರದ ಪ್ರತಿ ಕೇಳಿ, ಯಾವ ಪ್ರಶ್ನೆ ಕೇಳಿದ್ದಾರೆ ನೋಡಿ. ಬೇರೆ ಹುದ್ದೆಗಳ ಬಗ್ಗೆಯೂ ಅಭಿಪ್ರಾಯ ಕೊಡಿ ಅಂತ ನೀವೇ ಮಂಡಳಿಗೆ ಮನವಿ ಕೊಡಬಹುದು.

ಖಾಸಗಿ ಕಂಪನಿಯಲ್ಲಿ ಇರುವವರು ಒಂದು ವಿಷಯ ಸ್ಪಷ್ಟವಾಗಿ ತಿಳಿದಿರಬೇಕು. 20ನೇ ಸೆಕ್ಷನ್ ಹೇಳುವುದು ಸರ್ಕಾರಿ ಸಂಸ್ಥೆಗಳ ಬಗ್ಗೆ ಮಾತ್ರ. ಸರ್ಕಾರದ ಒಡೆತನದ ಕಂಪನಿ, ಸರ್ಕಾರದ ನೆರವು ಪಡೆಯುವ ಸಂಸ್ಥೆ, ಸ್ಥಳೀಯ ಸಂಸ್ಥೆ ಇವೆಲ್ಲ ಅದರಲ್ಲಿ ಬರುತ್ತವೆ, ಪೂರ್ತಿ ಖಾಸಗಿಯವು ಬರುವುದಿಲ್ಲ. ಖಾಸಗಿಯವರಿಗೂ ಸಮಾನ ಅವಕಾಶ ನೀತಿ ಇರಲೇಬೇಕು, ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಬಾರದು ಅನ್ನುವ 3ನೇ ಸೆಕ್ಷನ್ ಇದೆ, ಆಯುಕ್ತರಿಗೆ ದೂರು ಕೊಡುವ ದಾರಿಯೂ ಇದೆ. ಆದರೆ "ಬೇರೆ ಹುದ್ದೆಗೆ ಹಾಕಿ, ಸಂಬಳ ಇಳಿಸಬೇಡಿ" ಅನ್ನುವ ನೇರ ರಕ್ಷಣೆ ಅಲ್ಲಿಲ್ಲ. ಇದು ಕಾಯ್ದೆಯ ದೊಡ್ಡ ಕೊರತೆ. ದೇಶದ ಹೆಚ್ಚಿನ ಜನ ಕೆಲಸ ಮಾಡುವುದೇ ಖಾಸಗಿಯಲ್ಲಿ, ಅವರಿಗೂ ಕಣ್ಣು ಹೋಗುತ್ತದೆ, ಕೈಕಾಲು ಮುರಿಯುತ್ತದೆ.

ಆಕೆ ಈಗ ಬಿಲ್ಲು ಪರಿಶೀಲನೆಯ ಟೇಬಲಿನಲ್ಲಿದ್ದಾರೆ. ಕಂಪ್ಯೂಟರಿಗೆ ಸ್ಕ್ರೀನ್ ರೀಡರ್ ಬಂದಿದೆ. ಆದರೆ ಸಂಸ್ಥೆ ತನಗಾಗಿ ಮಾಡಿಸಿಕೊಂಡ ಲೆಕ್ಕದ ಸಾಫ್ಟ್‌ವೇರಿನಲ್ಲಿ ಅರ್ಧಕ್ಕರ್ಧ ಬಟನ್‌ಗಳಿಗೆ ಹೆಸರೇ ಕೊಟ್ಟಿಲ್ಲ, ಸ್ಕ್ರೀನ್ ರೀಡರ್ ಎಲ್ಲದಕ್ಕೂ ಬರೀ "ಬಟನ್, ಬಟನ್" ಅನ್ನುತ್ತದೆ. ಯಾವುದು ಉಳಿಸುವುದು, ಯಾವುದು ಅಳಿಸುವುದು ಗೊತ್ತಾಗುವುದಿಲ್ಲ. ಈ ಸಲ ಆಕೆ ಕಾಯಲಿಲ್ಲ. ಕೇಸಿನ ನಂತರ ನೇಮಕವಾದ ಕುಂದುಕೊರತೆ ಅಧಿಕಾರಿಗೆ ದೂರು ಕೊಟ್ಟು, ನೋಂದಣಿ ಪುಸ್ತಕದಲ್ಲಿ ಬರೆಸಿ, ತೊಂದರೆ ಇರುವ ಪರದೆಗಳ ಪಟ್ಟಿಯನ್ನೂ ಲಗತ್ತಿಸಿದರು. ನೋಂದಣಿ ಆದ ಎರಡು ವಾರದೊಳಗೆ ವಿಚಾರಣೆ ಮಾಡಬೇಕು ಅಂತ 23ನೇ ಸೆಕ್ಷನ್ ಹೇಳುತ್ತದೆ. ಸಾಫ್ಟ್‌ವೇರ್ ಮಾಡಿದವರನ್ನು ಕರೆಸಿ ಆಕೆಯ ಪಕ್ಕದಲ್ಲೇ ಕೂರಿಸಿದರು, ಮುಖ್ಯವಾದ ಪರದೆಗಳು ಸರಿಯಾದವು, ಉಳಿದವುಗಳ ಕೆಲಸ ನಡೆಯುತ್ತಿದೆ. ಬಡ್ತಿಯ ಮನವಿ ಇನ್ನೂ ಬಾಕಿ ಇದೆ.